ಉಪರಾಷ್ಟ್ರಪತಿಯ ಪತಿ

"ಈಗ ಮುಖ್ಯ ಅತಿಥಿಗಳು ವೇದಿಕೆಗೆ ಬರಬೇಕು..." ಎಂದ ವಸುಂಧರಾ ಮೈಕಿನ ಮುಂದೆ ಚೀಟಿ ನೋಡಿಕೊಂಡಳು. ಚೀಟಿಯಲ್ಲಿದ್ದದ್ದು ಒಂದು ಪುಟ್ಟ ದ್ವೀಪರಾಷ್ಟ್ರದ ಮಹಿಳಾ ಉಪರಾಷ್ಟ್ರಪತಿಯ ಹೆಸರು. ಆಕೆಗೆ ಗಿಗಿರಿಯ ವಿಶ್ವಸಂಸ್ಥೆ ಸಮ್ಮೇಳನದಿಂದ ಬಿಡುವಾಗಿರಲಿಲ್ಲ. ನೈರೋಬಿ ಕನ್ನಡಿಗರ ರಾಜ್ಯೋತ್ಸವಕ್ಕೆ ಗಂಡ ಮಾರ್ಸೆಲ್‌ರನ್ನು ಕಳಿಸಿದ್ದರು. ಪಂಗಾನಿಯ ಸಭಾಂಗಣದ ಮೊದಲ ಸಾಲಿನಲ್ಲಿ ಅವರು ಟೈ ಸರಿಮಾಡಿಕೊಳ್ಳುತ್ತ ಕೂತಿದ್ದರು.

"ಉಪರಾಷ್ಟ್ರಪತಿಯವರ... ಪತಿ..." ಎರಡು ಪತಿಗಳು ಒಂದರ ಮೇಲೊಂದು ಬಿದ್ದವು. ವಸುಂಧರಾ ತಡವರಿಸಿದಳು. ಭಾರ ಇಳಿಸಲು ನಡುವಿನ ರಾಷ್ಟ್ರವನ್ನು ತೆಗೆದುಬಿಟ್ಟಳು. "ಸನ್ಮಾನ್ಯ ಉಪಪತಿಯವರು."

ಕನ್ನಡದಲ್ಲಿ ಉಪಪತಿ ಎಂದರೆ ಗಂಡನಲ್ಲ. ಗಂಡ ಮನೆಯಲ್ಲಿಲ್ಲದಾಗ ಬರುವವನು. "ಹಾಗಾದ್ರೆ ಪತಿ ಎಲ್ರೀ?" ಎಂದ ಹಿಂದಿನ ಸಾಲಿನಿಂದ ಔಷಧಿ ಕಂಪನಿಯ ಧನಂಜಯ್. ಸಭೆ ಘೊಳ್ಳೆಂದಿತು. ಮಾರ್ಸೆಲ್ ಅದನ್ನು ಪ್ರೀತಿ ಎಂದುಕೊಂಡರು. ಎದ್ದು ನಿಂತು, ಹಿಂದಿನ ಸಾಲಿನವರಿಗೂ ಕಾಣುವಂತೆ ಸುತ್ತ ತಿರುಗಿ ಕೈಮುಗಿದರು. ನಗು ಇಮ್ಮಡಿಯಾಯಿತು. ಸಂಘದ ಕಾರ್ಯದರ್ಶಿಯೂ ವಸುಂಧರೆಯ ಗಂಡನೂ ಆದ ಉಮಾಕಾಂತ, ನಗು ಮುಚ್ಚಿಹೋಗಲೆಂದು ಒಬ್ಬನೇ ಜೋರಾಗಿ ಚಪ್ಪಾಳೆ ತಟ್ಟಿದ.

ಊಟಕ್ಕೆ ಮಾರ್ಸೆಲ್ ಗಂಡಹೆಂಡಿರ ನಡುವೆ ಕೂತರು. ಲೊರೆಶೋ ಬಡಾವಣೆಯ ಮನೆಗಳಿಂದ ಡಬ್ಬಿಗಳಲ್ಲಿ ಬಂದ ಒಬ್ಬಟ್ಟನ್ನು ಹೊಗಳಿ, ತಮ್ಮ ಮೆತ್ತನೆಯ ಇಂಗ್ಲಿಷಿನಲ್ಲಿ ಹೇಳಿದರು: "ನಮ್ಮಲ್ಲಿ ನನ್ನ ಕೆಲಸ ಏನು ಗೊತ್ತೇ? ಹೆಂಡತಿ ರಿಬ್ಬನ್ ಕತ್ತರಿಸುವಾಗ ಅದು ಕೆಳಗೆ ಬೀಳದಂತೆ ಒಂದು ತುದಿ ಹಿಡಿದುಕೊಳ್ಳೋದು. ಕರೆಯೋಲೆಯಲ್ಲಿ ನಾನು 'ಮತ್ತು ಸಂಗಾತಿ'. ಪೇಪರಿನಲ್ಲಿ 'ಮೊದಲಾದವರು'. ನನಗೂ ಒಂದು ಪದ ಇರೋ ಭಾಷೆ ಇವತ್ತೇ ಸಿಕ್ಕಿದ್ದು. ಅದನ್ನು ಕೇಳಿ ಜನ ಎಷ್ಟು ಖುಷಿಪಟ್ಟರು. ರಾತ್ರಿ ಸಮ್ಮೇಳನದ ಔತಣದಲ್ಲಿ ಹೀಗೇ ಪರಿಚಯ ಮಾಡಿಕೊಳ್ತೀನಿ. ಉ-ಪ-ಪ-ತಿ. ಸರಿಯಾಯಿತೇ?"

"ಪರ್ಫೆಕ್ಟ್," ಎಂದ ಉಮಾಕಾಂತ. ಆಮೇಲೆ ಅತಿಥಿಯ ಬೆನ್ನ ಹಿಂದಿನಿಂದ ಹೆಂಡತಿಗೆ, "ಸುಮ್ನಿರೇ. ನಾಳೆ ಫ್ಲೈಟ್ ಹತ್ತಿ ಹೋಗ್ತಾರೆ."

"ರಾತ್ರಿ ಊಟಕ್ಕೆ ಅರ್ಧಕ್ಕರ್ಧ ಇಂಡಿಯಾದೋರೇ ಇರ್ತಾರ್ರೀ. ಹೆಂಡ್ತಿ ಪಕ್ಕದಲ್ಲೇ ನಿಂತು ಹೇಳ್ತಾರೆ."

"ಈಗ ನೀನು ಏನಂತ ಹೇಳ್ತೀಯ? ಇಂಗ್ಲಿಷಲ್ಲಿ ಅದು ಇನ್ನೂ ಅಸಹ್ಯವಾಗಿರುತ್ತೆ."

ಅಷ್ಟರಲ್ಲಿ ಧನಂಜಯ್ ತಟ್ಟೆ ಹಿಡಿದುಕೊಂಡು ಆ ದಾರಿಯಲ್ಲಿ ಬಂದ. ಮಾರ್ಸೆಲ್ ಎದ್ದು ಅವನ ಕೈಕುಲುಕಿ, ಅಭ್ಯಾಸಕ್ಕೆಂಬಂತೆ, ಎದೆ ಮುಟ್ಟಿಕೊಂಡು ಹೇಳಿದರು: "ಉಪಪತಿ." ಧನಂಜಯ್ ಮುಖ ಅತ್ತ ತಿರುಗಿಸಿದ, ಅವನ ಭುಜ ಕುಲುಕುತ್ತಿತ್ತು.

ವಸುಂಧರಾ ಹೇಳಿಬಿಟ್ಟಳು. ಒಬ್ಬಟ್ಟನ್ನೇ ನೋಡುತ್ತ, ಇಂಗ್ಲಿಷಿನಲ್ಲಿ, ಆದಷ್ಟು ಸಣ್ಣ ದನಿಯಲ್ಲಿ. ಉಮಾಕಾಂತ ಹೇಳಿದ್ದು ನಿಜವಾಗಿತ್ತು. ಇಂಗ್ಲಿಷಿನಲ್ಲಿ ಅದು ಅಸಹ್ಯವಾಗಿಯೇ ಇತ್ತು.

ಮಾರ್ಸೆಲ್ ನಿಧಾನವಾಗಿ ಕೂತರು. ಸಾಕಷ್ಟು ಹೊತ್ತು ಬೆರಳುಗಳನ್ನು ಒರೆಸಿಕೊಂಡರು. "ಹಾಗಾದರೆ ನಾನು ಎದ್ದು ಕೈಮುಗಿದದ್ದು..."

"ಹೌದು," ಎಂದಳು. "ತಪ್ಪು ನಂದು. ಆಮೇಲಾದ್ರೂ ತಕ್ಷಣ ಹೇಳಬೇಕಿತ್ತು."

"ಪಾಪ, ಮೈಕಿನ ಮುಂದೆ ನಿಂತವರಿಗೆ ಯೋಚಿಸಲು ಸಮಯ ಎಲ್ಲಿ." ಆಕೆಯನ್ನು ಸಮಾಧಾನ ಮಾಡುವ ಕೆಲಸವೂ ಅವರ ಪಾಲಿಗೇ ಬಂತು. ಅವರ ಕಿವಿ ಮಾತ್ರ ಕೆಂಪಗಾಗಿತ್ತು. "ಸರಿಯಾದ ಪದ ಯಾವುದು? ಮರ್ಯಾದಸ್ಥ ಹೆಂಗಸರು ಗಂಡನನ್ನು ಏನೆನ್ನುತ್ತಾರೆ? ನೀವು ಇವರನ್ನು?"

"ಯಜಮಾನ್ರು," ಎಂದಳು ವಸುಂಧರಾ. ಈ ಪದದಿಂದಲಾದರೂ ಯಾವ ಅಪಾಯವೂ ಇಲ್ಲವೆಂದು ಅವಳಿಗೆ ಧೈರ್ಯ ಬಂದಿತ್ತು.

"ಅಂದರೆ?"

ಮದುವೆಯಾದಂದಿನಿಂದ ದಿನಕ್ಕೆ ಹತ್ತು ಸಲ ಹೇಳಿದ ಮಾತನ್ನು ಅವಳು ಎಂದೂ ಇಂಗ್ಲಿಷಿಗೆ ತಂದಿರಲಿಲ್ಲ. "ಓನರ್," ಎಂದಳು.

ಮಾರ್ಸೆಲ್ ಉಮಾಕಾಂತನ ಕಡೆ ತಿರುಗಿದರು. ಮುಖದಲ್ಲಿ ಗೇಲಿ ಇರಲಿಲ್ಲ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು: "ಯಾವುದಕ್ಕೆ?"

ಉಮಾಕಾಂತ ತುಂಬಿದ ಲೋಟವನ್ನು ಕೈಯಲ್ಲಿ ಹಿಡಿದು, ನೀರು ತರುತ್ತೇನೆಂದು ಎದ್ದುಹೋದ.