ಕಿಟಕಿಗೊಬ್ಬಳು ದೇವದೂತೆ

"ಪ್ರೈಮರೂ ಬೇಡ ಗ್ರೈಮರೂ ಬೇಡ, ಹಾಗೇ ಬಣ್ಣ ಬಳಿದು ಮುಗಿಸು ಮಾರಾಯ! ಆರಕ್ಕೆ ಚರ್ಚಿನ ಗಂಟೆ ಹೊಡೀತಾರೆ," ಎಂದು ಸಿಲ್ಕೆ ಕೆಲಸದ ಕೋಣೆಯ ಬಾಗಿಲಲ್ಲಿ ನಿಂತು ಗಂಡನಿಗೆ ಮತ್ತೆ ಹೇಳಿದಳು. ಇಂಗೋಲ್ಫ್ ತಿರುಗಿ ನೋಡಲಿಲ್ಲ. ಆಗಷ್ಟೇ ಮರ ಕಡೆಯುವ ಲೇತಿನಿಂದ ಇಳಿದ ಗೇಣುದ್ದದ ಮರದ ದೇವದೂತೆ ಅವನ ಮುಂದಿತ್ತು. ಎರಡು ಕೈಯಲ್ಲೂ ದೀಪದ ಬಟ್ಟಲು, ಮೈಮೇಲೆ ತೊಟ್ಟು ಬಣ್ಣವಿಲ್ಲ.

ಹಿಂದೆ ಗಣಿಗಳಿದ್ದ ಆ ಬೆಟ್ಟದ ಊರುಗಳಲ್ಲಿ ಕ್ರಿಸ್‌ಮಸ್ಸಿನ ಮುಂಚಿನ ತಿಂಗಳು ಕಿಟಕಿಗಳಿಗೆ ದೀಪ ಇಡುವಾಗ ಮನೆಯ ಮಕ್ಕಳ ಲೆಕ್ಕ ತಪ್ಪುವಂತಿಲ್ಲ. ಒಬ್ಬೊಬ್ಬ ಮಗನಿಗೆ ಮರದಲ್ಲಿ ಮಾಡಿದ ಒಂದೊಂದು ಗಣಿಯಾಳಿನ ಗೊಂಬೆ, ಒಬ್ಬೊಬ್ಬ ಮಗಳಿಗೆ ಒಂದೊಂದು ದೇವದೂತೆ. ಮೊದಲ ಸಂಜೆ ಚರ್ಚಿನ ಗಂಟೆ ಬಾರಿಸಿದಾಗ ಎಲ್ಲರೂ ಒಟ್ಟಿಗೆ ದೀಪ ಹಾಕಿ, ತಮ್ಮ ಕಿಟಕಿ ನೋಡಲು ಬೀದಿಗಿಳಿಯುತ್ತಾರೆ. ಇಂಗೋಲ್ಫನ ಕಿಟಕಿಯಲ್ಲಿ ಮೊದಲ ಹೆಂಡತಿಯ ಇಬ್ಬರು ಗಂಡುಮಕ್ಕಳ ಗಣಿಯಾಳುಗಳು ಮಾತ್ರ ನಿಲ್ಲುತ್ತಿದ್ದವು. ಈ ವಸಂತದಲ್ಲಿ ಸಿಲ್ಕೆ ಮದುವೆಯಾಗಿ ಬಂದಾಗ ಅವಳ ಜೊತೆ ಹದಿನಾಲ್ಕರ ಮಗಳು ರೋಮಿಯೂ ಬಂದಳು. ಹುಡುಗಿ ಇನ್ನೂ ಬಟ್ಟೆಗಳನ್ನು ಬೀರುವಿಗೆ ಜೋಡಿಸಿರಲಿಲ್ಲ. ಮಾತಿಗೆ ಮುಂಚೆ 'ಡ್ರೆಸ್ಡೆನ್‌ಗೆ ಅಪ್ಪನ ಹತ್ರ ಹೋಗ್ತೀನಿ' ಎನ್ನುತ್ತಿದ್ದಳು.

ಅಂಥವಳು ನಿನ್ನೆ ಊಟದ ಹೊತ್ತಿನಲ್ಲಿ, "ನಾಳೆ ನಮ್ಮ ಕಿಟಕೀಲಿ ಯಾರ್‍ಯಾರು ನಿಲ್ತಾರೆ?" ಎಂದು ಕೇಳಿದ್ದಳು. ಊರಿಗೆಲ್ಲ ದೇವದೂತೆ ಮಾಡಿಕೊಡುವ ಕಸುಬು ಇಂಗೋಲ್ಫನದು. ಮಾಡಿದ್ದೆಲ್ಲ ಮಾರಿಹೋಗಿತ್ತು, ಮನೆಗೆಂದು ಒಂದನ್ನೂ ಮಾಡಿರಲಿಲ್ಲ. ಅದು ಮರೆವಲ್ಲ, ಭಯ. ಕೇಳದೆ ಮಾಡಿಟ್ಟು, 'ನಂಗೆ ಅಪ್ಪ ಇದ್ದಾನೆ' ಎಂದು ಅವಳು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟರೆ?

"ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡೋಕೆ ಕೂತಿದ್ದೀಯ," ಸಿಲ್ಕೆ ಬಿಡಲಿಲ್ಲ. "ಬೀದೀಲಿ ನಿಂತೋರಿಗೆ ಒಳಗಿನ ಪ್ರೈಮರ್ ಕಾಣುತ್ತಾ?"

"ತಳಕ್ಕೆ ಪ್ರೈಮರ್ ಇಲ್ಲದಿದ್ರೆ ಬರೀ ಮರ ಬಣ್ಣ ಕುಡಿದುಬಿಡುತ್ತೆ. ನಾರೆದ್ದು ಮುಖ ಎಲ್ಲ ತರಿತರಿ ಆಗುತ್ತೆ. ಮುಂದಿನ ವರ್ಷಕ್ಕೆ ಸಿಪ್ಪೆ ಏಳುತ್ತೆ."

"ಮುಂದಿನ ವರ್ಷ ಬೇರೆ ಮಾಡಿದ್ರಾಯ್ತಪ್ಪ."

"ಯಾಕೆ, ಅವಳು ಒಂದು ವರ್ಷಕ್ಕೆ ಬಂದಿರೋ ನೆಂಟಳಾ?" ಇಂಗೋಲ್ಫನ ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಯಿತು. "ಹುಡುಗರದ್ದಕ್ಕೆ ಎರಡೆರಡು ಕೈ ಪ್ರೈಮರ್ ಹೊಡೆದಿದ್ದೆ, ಇವತ್ತಿಗೂ ಹೊಸದರ ಹಾಗಿವೆ. ಇವಳಿಗೆ ಮಾತ್ರ ಮೂಗಿಗೆ ತುಪ್ಪ ಸವರೋದಾ?"

"ಇವತ್ತು ಅಲ್ಲಿ ಅವಳದ್ದು ಇರದಿದ್ರೆ ನಾಳೆ ಬೆಳಿಗ್ಗೆ ಬಸ್ಸು ಹತ್ತುತ್ತಾಳೆ. ನನ್ನ ಮಗಳು ನಂಗೆ ಗೊತ್ತು," ಎಂದು ಸಿಲ್ಕೆ ಬಾಗಿಲು ಬಡಿದುಕೊಂಡು ಹೋದಳು.

ಇಂಗೋಲ್ಫ್ ಸಣ್ಣ ಕುಂಚವನ್ನು ಕೆಂಪಿನಲ್ಲಿ ಅದ್ದಿ ದೇವದೂತೆಯ ತುಟಿಯ ಹತ್ತಿರಕ್ಕೂ ಒಯ್ದ. ಕೈ ಒಪ್ಪಲಿಲ್ಲ. ಕುಂಚ ಒರೆಸಿಟ್ಟು ಬಿಳಿ ಪ್ರೈಮರ್ ಡಬ್ಬಿ ತೆರೆದ. ಬಳಿದಾದ ಮೇಲೆ ಕಾಲು ಸುಟ್ಟ ಬೆಕ್ಕಿನಂತೆ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಓಡಾಡಿದ. ಒಣಗಿತೇನೋ ಎಂದು ಮುಟ್ಟಿದರೆ ಹೆಬ್ಬೆಟ್ಟಿನ ಗುರುತು ಬಿತ್ತು. ಬೈದುಕೊಂಡು ಅದನ್ನು ಸರಿಮಾಡಿದ. ಹೊರಗೆ ಆಗಲೇ ಕತ್ತಲಾಗುತ್ತಿತ್ತು.

"ಅಮ್ಮ ಕಾಫಿಗೆ ಕರೀತಿದ್ದಾಳೆ." ರೋಮಿ ಒಳಗೆ ಬಂದು ನಿಂತಿದ್ದಳು. ಅವಳ ಕಣ್ಣು ಮೇಜಿನ ಮೇಲೆ ಬಿತ್ತು. "ಇದು ಯಾರದ್ದು?"

'ನಿನ್ನದು' ಎಂಬ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ. "ನೀನು ಬೇಡ ಅಂದ್ರೆ ಯಾರದ್ದೂ ಅಲ್ಲ," ಎಂದ.

"ಮುಖಾನೇ ಇಲ್ವಲ್ಲ."

"ಪ್ರೈಮರ್ ಒಣಗದೆ ಬರೆಯೋ ಹಾಗಿಲ್ಲ. ನಾಳೆಯಾಗುತ್ತೆ."

"ಈಗಲೇ ಬರೆದ್ರೆ?"

"ಇವತ್ತಿಗೇನೋ ಚೆನ್ನಾಗಿರುತ್ತೆ. ಆಮೇಲೆ ನಿಲ್ಲಲ್ಲ."

ಹುಡುಗಿ ಹೊರಟುಹೋದಳು. ಕೆಂಪು ಕುಂಚ ಮತ್ತೆ ಇಂಗೋಲ್ಫನ ಕೈಗೆ ಬಂತು, ಮತ್ತೆ ಕೆಳಗಿಳಿಯಿತು.

ಗಂಟೆ ಬಾರಿಸುವ ಹೊತ್ತಿಗೆ ಇಬ್ಬರು ಗಣಿಯಾಳುಗಳ ನಡುವೆ ಬೆಳ್ಳಗಿನ ಗೊಂಬೆಯನ್ನು ಹಾಗೆಯೇ ನಿಲ್ಲಿಸಿ, ದೀಪ ಹಾಕಿ, ಎಲ್ಲರಂತೆ ತಾನೂ ತನ್ನ ಕಿಟಕಿ ನೋಡಲು ಬೀದಿಗಿಳಿದ. ಕೆಂಪು, ನೀಲಿ, ಚಿನ್ನದ ಬಣ್ಣದ ಕಿಟಕಿಗಳ ಸಾಲಿನಲ್ಲಿ ಅದೊಂದೇ ಬೋಳುಬೋಳಾಗಿ ಕಾಣುತ್ತಿತ್ತು. ಪಕ್ಕದ ಮನೆಯ ಮುದುಕಿ ಗಿಜೆಲಾ ಕೋಲೂರಿ ನಿಂತು ಕಣ್ಣು ಕಿರಿದು ಮಾಡಿದಳು.

"ಏನಯ್ಯಾ ಇದು, ಮೂಗಿಲ್ಲ, ಬಾಯಿಲ್ಲ! ಊರಿಗೆಲ್ಲ ಮುಖ ಬರೆದು ಕೊಡೋನ ಮನೇಲಿ ಬಣ್ಣಕ್ಕೆ ಬರಗಾಲವಾ? ಯಾರದ್ದಯ್ಯಾ ಅದು?"

ಅಷ್ಟರಲ್ಲಿ ಇಂಗೋಲ್ಫನ ಮನೆಯ ಬಾಗಿಲು ತೆರೆದ ಸದ್ದಾಯಿತು. ರೋಮಿ ಬರೀ ಕಾಲುಚೀಲದಲ್ಲಿ ಹಿಮದ ಮೆಟ್ಟಿಲ ಮೇಲೆ ನಿಂತಿದ್ದಳು.

"ನಂದು," ಎಂದಳು. "ಇನ್ನೂ ಒಣಗಿಲ್ಲ, ಅಷ್ಟೆ."