ಅಲ್ಲೇ ಇರು

ನಾರ್ವೆಯ ಆ ಬಂದರಿನಲ್ಲಿ ಅವರ ಪ್ರವಾಸದ ಹಡಗು ಸಂಜೆ ಐದರವರೆಗೆ ನಿಲ್ಲುವುದಿತ್ತು. ಹಿಂದಿನ ರಾತ್ರಿ ಹೆಂಡತಿ, "ಊರಿಗೆ ಹೋದಮೇಲೆ ನಾವಿಬ್ಬರೂ ಬೇರೆ ಬೇರೆ ಇರೋಣ ರೀ" ಎಂದಾಗ ಅವನು ನಕ್ಕಿದ್ದ.

"ನಾಳೆ ಒಂದು ದಿನ ಒಬ್ಬಳೇ ಊರು ಸುತ್ತಿ ತೋರಿಸು. ಆಮೇಲೆ ಬೇರೆ ಇರೋ ಮಾತು."

ಬೆಳಿಗ್ಗೆ ಅವಳು ಛತ್ರಿ ಹಿಡಿದು ಹೊರಟಳು. "ಹೋಗ್ತೀನಿ."

"ಹೋಗಿ ಬರ್ತೀನಿ ಅನ್ನೇ. ಅಷ್ಟೂ ಗೊತ್ತಾಗಲ್ವಾ?"

ಅವಳು ತಿರುಗಿ ನೋಡಲಿಲ್ಲ.

ಬರೀ 'ಹೋಗ್ತೀನಿ' ಅಂದು ಹೊಸ್ತಿಲು ದಾಟಿದವರು ಮರಳಿ ಬರುವುದಿಲ್ಲವೆಂದು ಅವನ ತಾಯಿ ಬೈಯುತ್ತಿದ್ದಳು. ಮಧ್ಯಾಹ್ನ ತಡೆಯಲಾರದೆ ಅವನೂ ಹಡಗಿನಿಂದ ಇಳಿದ. ಮೀನಿನ ಮಾರುಕಟ್ಟೆ, ಮರದ ಮನೆಗಳ ಓಣಿ, ಎಲ್ಲ ಕಡೆ ಹುಡುಕಿದ. ಎಷ್ಟೋ ಸಲ ಕರೆ ಮಾಡಿದ ಮೇಲೆ, ನಾಲ್ಕು ಗಂಟೆಗೆ ಅವಳು ಫೋನು ಎತ್ತಿದಳು.

"ಬೆಟ್ಟದ ಮೇಲಿದ್ದೀನಿ. ಈಗ ಇಳೀತೀನಿ."

"ದಾರಿ ತಪ್ತೀಯ. ಅಲ್ಲೇ ಇರು, ನಾನೇ ಬಂದು ಕರ್ಕೊಂಡು ಬರ್ತೀನಿ."

"ರೀ, ನಂಗೆ ದಾರಿ..."

ಅವನು ಫೋನು ಇಟ್ಟುಬಿಟ್ಟ.

ಏದುಸಿರು ಬಿಡುತ್ತ ಬೆಟ್ಟ ಹತ್ತಿದ. ಮೇಲೆ ಒದ್ದೆ ಬೆಂಚುಗಳೆಲ್ಲ ಖಾಲಿ. ಬೇಲಿಯ ಆಚೆ ಕಡಿದಾದ ಪ್ರಪಾತ. ಅದನ್ನು ಬಗ್ಗಿ ನೋಡುವ ಧೈರ್ಯವಾಗದೆ ಮತ್ತೆ ಫೋನು ಮಾಡಿದ.

"ಎಲ್ಲಿದ್ದೀಯೇ?"

"ಹಡಗಲ್ಲಿ."

ದೂರದಲ್ಲಿ, ಕೆಳಗೆ ಹಡಗು ಒಮ್ಮೆ ಕೂಗಿ, ದಡ ಬಿಟ್ಟು ನಿಧಾನವಾಗಿ ತಿರುಗುತ್ತಿತ್ತು.

"ಅಲ್ಲೇ ಇರು ಅಂದಿದ್ನಲ್ಲ?"

"ನಾನು ಬೆಳಿಗ್ಗೇನೇ 'ಹೋಗ್ತೀನಿ' ಅಂದಿದ್ನಲ್ಲ ರೀ."