ಪಿಸ್ತೂಲು ಮನೆಯಲ್ಲೇ ಉಳಿದದ್ದು

ಕಥೆಗಾರನ ದವಡೆಹಲ್ಲಿಗೆ ಇಕ್ಕಳ ಹಾಕಿದ ಮೇಲೆಯೇ ಹಲ್ಲಿನ ಡಾಕ್ಟರಿಗೆ ನಿನ್ನೆಯ ಪತ್ತೇದಾರಿ ಧಾರಾವಾಹಿ ನೆನಪಾಯಿತು. "ಇನ್ಸ್‌ಪೆಕ್ಟರ್ ಸತ್ತೇಹೋದನಲ್ಲಮ್ಮಾ! ನಮ್ಮನೇಲಿ ಒಬ್ಬರ ಗಂಟಲಲ್ಲೂ ತುತ್ತು ಇಳೀಲಿಲ್ಲ" ಎಂದು ನರ್ಸಿಗೆ ಹೇಳಿದರು. ಅವನನ್ನು ಸಾಯಿಸಿ ಬರೆದವನೇ ತಮ್ಮ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾನೆಂದು ಪಾಪ, ಅವರಿಗೇನು ಗೊತ್ತು?

"ಸಾಯ್ದೆ ಇನ್ನೇನು? ಕೊಲೆಗಾರನ್ನ ಹಿಡಿಯೋಕೆ ಪಿಸ್ತೂಲೇ ಇಲ್ದೆ ಹೋದ್ರೆ!" ಎಂದಳು ನರ್ಸು. "ಬರೆಯೋನು ಮರ್ತಿದಾನೆ ಡಾಕ್ಟ್ರೇ. ತಲೇಲಿ ಮಣ್ಣು." ಕಥೆಗಾರ ಮರೆತದ್ದು ನಿಜವೇ. ಪಿಸ್ತೂಲು ಯಾಕಿರಲಿಲ್ಲ ಅಂತ ಇವತ್ತು ಮಧ್ಯಾಹ್ನದೊಳಗೆ ಹೇಳದಿದ್ದರೆ ಮುಂದಿನ ಕಥೆ ಬೇರೆಯವರ ಕೈಲಿ ಬರೆಸುವುದಾಗಿ ನಿರ್ಮಾಪಕರು ಗುಡುಗಿದ್ದರು. ಆ ಚಿಂತೆಯಲ್ಲಿ ಹಲ್ಲು ಕಡಿದೂ ಕಡಿದೂ ಅದು ಈ ಗತಿಗೆ ಬಂದಿತ್ತು.

"ಮರೆಯೋದಾ? ಎಂಥಾ ಮಾತಾಡ್ತೀಯಮ್ಮಾ!" ಡಾಕ್ಟರು ಸಿಟ್ಟಿನಲ್ಲಿ ಇಕ್ಕಳವನ್ನು ಹಲ್ಲಿನ ಸಮೇತ ಅಲ್ಲಾಡಿಸಿದರು. "ಕೊಲೆಗಾರ ಯಾರು? ಇನ್ಸ್‌ಪೆಕ್ಟರನ ಒಡಹುಟ್ಟಿದ ತಮ್ಮ! ಕೈಲಿದ್ರೆ ಎಲ್ಲಿ ತಮ್ಮಂಗೇ ಹೊಡೆದುಬಿಡ್ತೀನೋ ಅಂತ ಬೇಕೂಂತ್ಲೇ ಮನೇಲಿಟ್ಟು ಹೋದ. ಎಂಥಾ ಕರುಳು ನೋಡು! ಬರೆದೋನು ಪುಣ್ಯಾತ್ಮ!" ನರ್ಸು ಕಣ್ಣೊರೆಸಿಕೊಂಡಳು. ಪುಣ್ಯಾತ್ಮನ ಹಲ್ಲು ಟಣ್ಣನೆ ತಟ್ಟೆಗೆ ಬಿತ್ತು.

"ನೋವಾಯ್ತಾ ಸ್ವಾಮೀ?" ಎಂದು ಡಾಕ್ಟರು ಬಗ್ಗಿ ಕೇಳಿದರು. ಹಲ್ಲಿನ ಜೊತೆಗೆ ಎದೆಯ ಮೇಲಿನ ಬಂಡೆಯನ್ನೂ ಕಿತ್ತಿಟ್ಟಂತೆ ಕಥೆಗಾರನ ಮುಖ ಅರಳಿತ್ತು. ಅವನು ಅವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹೇಳಿದ: "ಆ ಪಿಸ್ತೂಲಿನ ವಿಷಯ ಇನ್ನೊಂದ್ಸಲ ಹೇಳಿ ಡಾಕ್ಟ್ರೇ. ನಿಧಾನವಾಗಿ."